ಕುರ್ಚಿ ತಿರುಗಿಸಿದ ಮೇಲೆ

"ನನ್ನ ಕಿವಿಗಿಂತ ನಿನ್ನದೇ ಚುರುಕಾಗಿದೆಯಲ್ಲಮ್ಮ," ಅಂದ. ಗಾಜಿನ ಕೋಣೆಯೊಳಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ ಅಮ್ಮ ನಕ್ಕಳು. ಅವನು ಶಬ್ದ ಬಿಟ್ಟಾಗಲೆಲ್ಲ ಕೈಯಲ್ಲಿದ್ದ ಗುಂಡಿಯನ್ನು ತಪ್ಪದೆ ಒತ್ತಿದ್ದಳು.

ಕಿವಿ ಪರೀಕ್ಷಿಸುವುದು ಅವನ ಕಸುಬು. ಇವತ್ತು ಹೆಂಡತಿ ಹೇಳದೆ ಕೇಳದೆ ಅಮ್ಮನನ್ನು ಆಸ್ಪತ್ರೆಗೆ ಕರೆತಂದಿದ್ದಳು. ಈಗ ಅವನ ಪಕ್ಕದಲ್ಲೇ ನಿಂತಿದ್ದಳು.

"ಕುರ್ಚಿ ತಿರುಗಿಸಿ."

"ಯಾಕೆ?"

"ನಿಮ್ಮ ಕೈ ನೋಡಿ ಒತ್ತುತಾ ಇದಾರೆ."

ಬೇರೆಯವರನ್ನೆಲ್ಲ ಗೋಡೆಗೆ ಮುಖ ಮಾಡಿ ಕೂರಿಸುತ್ತಿದ್ದ. ಈ ಕೆಲಸದ ಮೊದಲ ಪಾಠವೇ ಅದು. ಹೆತ್ತವಳನ್ನು ಹಾಗೆ ಕೂರಿಸಲು ಮನಸ್ಸು ಬಂದಿರಲಿಲ್ಲ, ಅಷ್ಟೆ.

ಹೋಗಿ ತಿರುಗಿಸಿ ಬಂದ. ಸಣ್ಣ ಶಬ್ದ ಬಿಟ್ಟ. ದೊಡ್ಡದು ಬಿಟ್ಟ. ಯಾರೇ ಆದರೂ ಬೆಚ್ಚಿಬೀಳುವಂಥದ್ದು ಬಿಟ್ಟ. ಅಮ್ಮ ರವಿಕೆಯ ತೋಳಿನ ನೂಲೊಂದನ್ನು ಕೀಳುತ್ತ ಆರಾಮಾಗಿ ಕೂತಿದ್ದಳು.

"ಯಾವಾಗಿಂದ?"

"ಪಾಪು ಇದ್ದಾಗಿಂದ."

ಪಾಪು ಇದ್ದಾಗ ಮನೆಯಲ್ಲಿ ಎಲ್ಲರದೂ ಪಿಸುಮಾತು. ಮಗು ಏಳಬಾರದೆಂದು ಅವನು ಕರೆಗಂಟೆಯ ತಂತಿಯನ್ನೇ ಕಿತ್ತಿದ್ದ. ಆ ಮನೆಯಲ್ಲಿ ಅಮ್ಮ ತುಟಿ ನೋಡಿಕೊಂಡೇ ನಿಭಾಯಿಸಿದ್ದಳು. ಮಾತಾಡುವ ಮುಂಚೆ ಸೊಸೆ ಅತ್ತೆಯ ತೋಳು ಮುಟ್ಟುವುದನ್ನು ಅವನು ಅಕ್ಕರೆ ಅಂದುಕೊಂಡಿದ್ದ. ಅದಕ್ಕಾಗಿ ಒಳಗೊಳಗೇ ಅವಳಿಗೆ ಋಣಿಯಾಗಿದ್ದ.

"ಅಂದ್ರೆ, ಪಾಪು ಹೋದ ಆ ಮಧ್ಯಾಹ್ನ..."

"ಅತ್ತೂ ಅತ್ತೂ ಹಾಲು ನೆತ್ತಿಗೇರಿತ್ತು. ನಾನು ಮನೇಲಿರ್ಲಿಲ್ಲ, ಅತ್ತೆ ಅಡಿಗೆಮನೇಲಿದ್ರು. ಎಷ್ಟೋ ಹೊತ್ತು ಅಳು ಕೇಳಿಸ್ತಿತ್ತು ಅಂತ ಪಕ್ಕದ ಮನೆಯವರು ಆಮೇಲೆ ಹೇಳಿದ್ರು."

ನಿದ್ದೆಯಲ್ಲೇ ಹೋಯಿತು, ನರಳಲಿಲ್ಲ. ಇಷ್ಟು ವರ್ಷ ಅವನು ನೆಚ್ಚಿಕೊಂಡಿದ್ದದ್ದು ಈ ಒಂದು ಮಾತನ್ನು. ಅದನ್ನು ಹೇಳಿದವಳು ಇವಳೇ.

"ಅಮ್ಮಂಗೆ ಗೊತ್ತಾ?"

"ಮಗು ಎದ್ದೇ ಇರ್ಲಿಲ್ಲ ಅಂತ ನಂಬಿದಾರೆ."

"ಮತ್ತೆ ಇವತ್ಯಾಕೆ ಕರ್ಕೊಂಡು ಬಂದೆ?"

"ಬೆಳಿಗ್ಗೆ ಲಾರಿ ಹಾರ್ನ್ ಕೇಳಿಸ್ಲಿಲ್ಲ. ಸ್ವಲ್ಪದರಲ್ಲಿ ಉಳಿದ್ರು. ಕಿವಿಗೆ ಮಷಿನ್ ಹಾಕ್ಸಿ. ಆದ್ರೆ ಈಗೀಗ ಕೆಟ್ಟಿದೆ ಅಂತ ಹೇಳಿ. ಮೊದಲಿಂದ ಅಂದ್ರೆ ಅವರೇ ಕೂಡಿಸಿ ಕಳೆದು ನೋಡ್ತಾರೆ."

ಥ್ಯಾಂಕ್ಸ್ ಅನ್ನಬೇಕೆನಿಸಿತು. ಯಾವುದಕ್ಕೆಂದು ಶುರುಮಾಡುವುದು? ಆ ಒಂದು ಮಾತಿನಿಂದ ಅವಳು ಅವನನ್ನೂ ಏಳದ ಹಾಗೆ ಮಲಗಿಸಿಟ್ಟಿದ್ದಳು.

"ಮುಗೀತೇನೋ?" ಅಮ್ಮ ಗೋಡೆಗೇ ಕೂಗಿದಳು. ಅವಳ ದನಿ ಇವನ ಮುಂದಿನ ಸ್ಪೀಕರಿನಲ್ಲಿ ಬಂತು. "ಪಾಪ ಅವಳು ಊಟಾನೂ ಮಾಡಿಲ್ಲ. ಇಂಥ ಸೊಸೆ ಸಿಗೋಕೆ ಪುಣ್ಯ ಮಾಡಿದ್ದೆ ಕಣೋ. ನಿನ್ನಂಥೋನ್ನ ಹೆಂಗೆ ಒಪ್ಕೊಂಡಳೋ!"

ಹೆಂಡತಿ ನಗಲಿಲ್ಲ.

ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಹೊರಗಿನ ಸದ್ದೆಲ್ಲ ನಿಂತಿತು. ಹೆಡ್‌ಫೋನ್ ತೆಗೆದು, ಅಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತು ಅವಳ ತೋಳು ಮುಟ್ಟಿದ. "ಏನಿಲ್ಲಮ್ಮ, ಸ್ವಲ್ಪ ಮಂದವಾಗಿದೆ. ಈಗೀಗ," ಅನ್ನಹೊರಟ. ಗಂಟಲಿನಿಂದ ಸ್ವರ ಹೊರಡಲಿಲ್ಲ. ತುಟಿಯಷ್ಟೇ ಆಡಿತು.

"ಕೇಳಿಸ್ತು ಕಣೋ," ಅಂದಳು ಅಮ್ಮ. "ಕಿರುಚಬೇಡ."

ಅವನು ತಲೆಯೆತ್ತಿದ. ಗಾಜಿನಾಚೆ ಹೆಂಡತಿ ಏನೋ ಹೇಳುತ್ತಿದ್ದಳು. ತುಟಿಗಳು ತೆರೆದವು, ಮುಚ್ಚಿದವು, ಮತ್ತೆ ತೆರೆದವು. ಅವನಿಗೆ ಓದಲು ಬರಲಿಲ್ಲ.