ಬೆರಳಿಗೆ ತಿಳಿಯದ ಸುಣ್ಣ

ಫಿಲಿಪ್ಪೀನ್ಸಿನ ಇತೊಗೊನ್ ಗುಡ್ಡದ ಗಣಿಗಾರರ ಮನೆಯಲ್ಲಿ ಯಾರಿಗೆ ತಲೆನೋವು ಬಂದರೂ ಮೊದಲು ಬೈಸಿಕೊಳ್ಳುವುದು ಕುಡಿಯುವ ಜಿನ್ನು. ಮೂರು ದಿನದಿಂದ ಮಾರ್ಸೆಲಾಳೂ ಗಂಡ ಕಲಿಸ್ತೋನ ಜಿನ್ನಿಗೆ ಬೈದು ಬೈದು ಸುಸ್ತಾಗಿದ್ದಳು. ಕಲಿಸ್ತೋ ಮಾತ್ರ ತಲೆ ಹಿಡಿದುಕೊಂಡೇ ತೊಟ್ಟಿಯ ಹತ್ತಿರ ಹೋಗುತ್ತಿದ್ದ. ಅದಿರಿನ ಪುಡಿಯನ್ನು ಸಯನೈಡ್ ನೀರಿನಲ್ಲಿ ಕಲಕಿ ಚಿನ್ನ ಕರಗಿಸುವ ತೊಟ್ಟಿ ಅದು.

ಆವತ್ತು ಅವನ ಅಕ್ಕ, ಊರಿನ ಆರೋಗ್ಯ ಕಾರ್ಯಕರ್ತೆ ಪೆರ್ಪೆತುವಾ ಬಂದಳು.

"ಸುಣ್ಣ ಸಾಕಷ್ಟು ಹಾಕಿದೀಯೇನೋ?"

"ಹಾಕಿದೀನಿ ಅಕ್ಕಾ. ಸೋಮವಾರ ತೊಟ್ಟಿ ನೀರು ಬೆರಳಲ್ಲಿ ಉಜ್ಜಿ ನೋಡ್ದೆ, ಜಾರ್ತಿತ್ತು. ಎಲೆಗೆ ಸುಣ್ಣ ಹಚ್ಚೋ ಬೆರಳು ಇದು, ತಪ್ಪೋದಿಲ್ಲ."

"ಸಯನೈಡ್ ಮುಟ್ಟಿದ ಬೆರಳಲ್ಲೇ ಎಲೆಗೆ ಸುಣ್ಣ ಹಚ್ತೀರಾ?" ಮಾರ್ಸೆಲಾ ಕಿರುಚಿದಳು.

"ತೊಳ್ಕೊಂಡೆ ಕಣೇ!"

"ಸೋಮವಾರದ ಮೇಲೆ ಎರಡು ದಿನ ಮಳೆ ಹೊಡೀತಲ್ಲೋ, ಸುಣ್ಣ ತೆಳ್ಳಗಾಗಿರುತ್ತೆ," ಎಂದಳು ಪೆರ್ಪೆತುವಾ. "ಹೊಸ ಸುರಂಗದ ಅದಿರು ಬೇರೆ. ಅದು ಸುಣ್ಣ ನುಂಗುತ್ತೆ. ಸುಣ್ಣ ಕಮ್ಮಿಯಾದ್ರೆ ಸಯನೈಡಿಂದ ವಿಷದ ಗಾಳಿ ಏಳುತ್ತೆ."

"ಎದ್ರೆ ವಾಸನೆ ಬರಲ್ವಾ?" ಎಂದ ಕಲಿಸ್ತೋ.

"ಎಷ್ಟೋ ಜನರ ಮೂಗಿಗೆ ಅದು ತಿಳಿಯೋದೇ ಇಲ್ಲ."

"ಇವರ ಮೂಗು ನಂಬ್ಕೊಂಡು ನಾನು ವಿಧವೆ ಆಗ್ಬೇಕಂತೆ!"

ಪೆರ್ಪೆತುವಾ ಗಾಳಿ ಬರುವ ಕಡೆ ನಿಂತು, ಉದ್ದ ಹಿಡಿಯ ಸೌಟಿನಲ್ಲಿ ತೊಟ್ಟಿಯ ನೀರೆತ್ತಿ, ಸುಣ್ಣ ಸಾಕಷ್ಟಿದೆಯೇ ಎಂದು ತೋರಿಸುವ ಪರೀಕ್ಷೆಯ ಕಾಗದ ಅದ್ದಿದಳು. ಕಡುನೀಲಿ ಆಗಬೇಕಿದ್ದದ್ದು ಬರೀ ಹಸಿರಾಯಿತು.

"ಕಾಗದ ಹಳೇದಿರ್ಬೇಕು," ಎಂದ ಕಲಿಸ್ತೋ.

ಮಾರ್ಸೆಲಾಳಿಗೆ ರೇಗಿಹೋಯಿತು. ಅದೇ ಕಟ್ಟಿನಿಂದ ಇನ್ನೊಂದು ಕಾಗದ ಕಿತ್ತು ಪಕ್ಕದ ಬಕೆಟ್ಟಿನ ಸುಣ್ಣದ ನೀರಿಗೆ ಅದ್ದಿ ಅವನ ಮುಖಕ್ಕೆ ಹಿಡಿದಳು. ಅದು ಕಡುನೀಲಿಯಾಗಿತ್ತು.

"ಸಯನೈಡೆಲ್ಲಾ ಗಾಳಿಗೆ ಹೋದ್ರೆ ಚಿನ್ನ ಕರಗಿಸೋಕೆ ಏನೋ ಉಳಿಯುತ್ತೆ?" ಎಂದಳು ಪೆರ್ಪೆತುವಾ. "ಚಿನ್ನ ಅದಿರಲ್ಲೇ ಕೂತಿದೆ. ವಿಷ ನೀನು ಉಸಿರಾಡ್ತಿದೀಯ."

ಕಲಿಸ್ತೋನ ದನಿ ಇಳಿಯಿತು. "ಹಾಗಾದ್ರೆ ಈ ತಲೆನೋವು..."

"ಜಿನ್ನೇ ಆಗಿದ್ದಿದ್ರೆ ಚೆನ್ನಾಗಿತ್ತು," ಎಂದ ಮಾರ್ಸೆಲಾಳಿಗೆ ಅಳು ಬಂತು. "ನಡೀರಿ, ಮೊದಲು ಇಲ್ಲಿಂದ ನಡೀರಿ!"

ಅವನನ್ನು ಆಸ್ಪತ್ರೆಗೆ ಕರೆದೊಯ್ದರು. ಗಣಿಗಾರರ ಸಂಘದಲ್ಲಿ ತರಬೇತಿ ಪಡೆದವರು ಮುಖಕವಚ ಹಾಕಿಕೊಂಡು ಬಂದು ತೊಟ್ಟಿಗೆ ಸುಣ್ಣದ ನೀರು ಬೆರೆಸಿದರು. ಕಲಿಸ್ತೋ ಉಳಿದ. ಈಗ ಕಾಗದ ಕಡುನೀಲಿಯಾಗದೆ ಅವನು ತೊಟ್ಟಿಗೆ ಸಯನೈಡ್ ಹಾಕುವುದಿಲ್ಲ.

ತೊಟ್ಟಿ ನಡೆಸುವ ಅಣ್ಣಂದಿರೇ, ಅಕ್ಕಂದಿರೇ, ಮೊದಲು ಸುಣ್ಣ, ಆಮೇಲೆ ಸಯನೈಡ್. ಮಳೆ ಬಂದಾಗ, ಅದಿರು ಬದಲಾದಾಗ ಮತ್ತೆ ಕಾಗದ ಅದ್ದಿ ನೋಡಿ. ತಲೆ ಸುತ್ತಿದರೆ ಬಯಲಿಗೆ ಓಡಿ. ಬಿದ್ದವರನ್ನು ಎತ್ತಲು ಒಬ್ಬರೇ ನುಗ್ಗಬೇಡಿ. ನಿಮ್ಮ ಮನೆಯವರು ನಿಮಗೆ ಬೈಯುವುದು ಇನ್ನೂ ಬಹಳ ವರ್ಷ ಇದೆ. ಬೈಸಿಕೊಳ್ಳುವುದಕ್ಕಾದರೂ ಬದುಕಿರಿ!