ಚೇರಮನ್ನರ ಪ್ಲಾಟಿನಂ ತಂತಿ

ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಎಲೆಗೆ ಮುಧೋಳದ ಕಡೆ ರವದಿ ಎನ್ನುತ್ತಾರೆ. ಅದಕ್ಕೆ ಬೆಂಕಿ ಹಚ್ಚುವುದು ರೈತರ ರೂಢಿ. ಪ್ರೊಫೆಸರ್ ಗಿರಿಮಲ್ಲಪ್ಪ ಅದನ್ನು ಕುಲುಮೆಯಲ್ಲಿಟ್ಟು ಸುಟ್ಟರು. ಆದ್ದರಿಂದ ಅದು ಸಂಶೋಧನೆಯಾಯಿತು.

ಹಾಗೆ ಸಿಕ್ಕ ಕರಿಪುಡಿಯನ್ನು ಗ್ರಾಫೈಟ್ ಕಡ್ಡಿಗೆ ಸವರಿ, ಆಮ್ಲ ಬೆರೆಸಿದ ನೀರಿನಲ್ಲಿ ಅದ್ದಿ ವಿದ್ಯುತ್ ಹರಿಸಿದರೆ ಜಲಜನಕದ ಗುಳ್ಳೆ ಏಳುತ್ತಿತ್ತು. ಕಡಿಮೆ ವೋಲ್ಟೇಜಿನಲ್ಲಿ ಗುಳ್ಳೆ ಬರಿಸುವುದೇ ಒಳ್ಳೆಯ ವೇಗವರ್ಧಕದ ಲಕ್ಷಣ. ಈ ಪುಡಿಯಂತೂ ಬಳಸಿದಷ್ಟೂ ಚುರುಕಾಗುತ್ತಿತ್ತು. ಇದು ನಮ್ಮ ಮಣ್ಣಿನ ಗುಣ ಎಂದು ಪ್ರೊಫೆಸರು ಪತ್ರಿಕೆಗಳಿಗೆ ಹೇಳಿದರು. ಅವರ ಪಿಎಚ್‌ಡಿ ವಿದ್ಯಾರ್ಥಿನಿ, ಬನಹಟ್ಟಿಯ ಕಾವ್ಯಳಿಗೆ, ಬಳಸಿದಷ್ಟೂ ಮಂಕಾಗಬೇಕಾದದ್ದು ಚುರುಕಾಗುವುದು ಹೇಗೆ ಎಂದು ಅನುಮಾನ ಬಂತು.

ವಿದ್ಯುತ್ ಹರಿಯಲು ಎದುರಿಗೆ ಇನ್ನೊಂದು ತುದಿ ಬೇಕು. ಕೃಷ್ಣಾತೀರ ವಿಶ್ವವಿದ್ಯಾಲಯದಲ್ಲಿ ಅದು ಪ್ಲಾಟಿನಂ ತಂತಿ. ಸಕ್ಕರೆ ಕಾರ್ಖಾನೆಯ ಚೇರಮನ್ ಅಂದಾನೆಪ್ಪ ದಾನ ಕೊಟ್ಟದ್ದು, ವಿಭಾಗದವರು ಹಾರ ಹಾಕಿ ಬರಮಾಡಿಕೊಂಡದ್ದು. ಕಾವ್ಯ ಅದನ್ನು ತೆಗೆದು ಸಾದಾ ಗ್ರಾಫೈಟ್ ಇಟ್ಟು, ಹೊಸ ಪುಡಿ ಸವರಿ ನೋಡಿದಳು. ರವದಿಯ ಚುರುಕು ಮಾಯವಾಯಿತು. ತಂತಿಯ ಪ್ಲಾಟಿನಂ ಕಣ್ಣಿಗೆ ಕಾಣದಷ್ಟು ಕರಗಿ ಪುಡಿಯ ಮೇಲೆ ಕೂರುತ್ತಿತ್ತು. ದುಡಿಯುತ್ತಿದ್ದುದು ಪ್ಲಾಟಿನಂ, ಹೆಸರು ರವದಿಯದು. ಕಾವ್ಯ ಇದನ್ನೇ ಒಂದು ಅಧ್ಯಾಯವಾಗಿ ಬರೆದು ಥೀಸಿಸ್‌ಗೆ ಸೇರಿಸಿದಳು.

“ಈ ಅಧ್ಯಾಯ ತಗದ್ ಹಾಕವಾ,” ಎಂದರು ಪ್ರೊಫೆಸರು.

“ಸರ, ಖರೆ ಇರೋದು ಅದೊಂದರಾಗನ ರೀ.”

“ಚೇರಮನ್ನರು ಪ್ರೀತಿಯಿಂದ ಕೊಟ್ಟ ತಂತಿ. ಅದ ಹಾಳ ಮಾಡೇತಿ ಅಂತ ಬರದ್ರ ಅವ್ರಿಗೆ ಹೆಂಗನಸ್ತದ?”

“ಪ್ಲಾಟಿನಂಗ ಚೇರಮನ್ನರ ಗುರ್ತಿಲ್ರಿ ಸರ. ಅದು ಕರಗತೈತಿ.”

“ಐತವಾರ ಚೇರಮನ್ನರು ನನಗ ಸತ್ಕಾರ ಇಟ್ಟಾರ. ಪ್ರಯೋಗ ತೋರಿಸಬೇಕು. ಆ ಅಧ್ಯಾಯ ಇದ್ರ ನನ್ನ ಸಹಿ ಇಲ್ಲ, ತಿಳೀತಿಲ್ಲೋ?”

ಸತ್ಕಾರ ಜಮಖಂಡಿಯ ಕಲ್ಯಾಣ ಮಂಟಪದಲ್ಲಿ. ವೇದಿಕೆಯ ಮೇಲೆ ಗಾಜಿನ ಪಾತ್ರೆ, ಹಿಂದೆ ಅದನ್ನು ದೊಡ್ಡದಾಗಿ ತೋರಿಸುವ ಪರದೆ. ಮೊದಲು ಏನೂ ಸವರದ ಬೋಳು ಕಡ್ಡಿ, ಆಮೇಲೆ ರವದಿಯ ಪುಡಿ ಸವರಿದ ಕಡ್ಡಿ, ಎರಡಕ್ಕೂ ಎದುರಿಗೆ ಗ್ರಾಫೈಟ್: ಪ್ಲಾಟಿನಂ ಇಲ್ಲದಿದ್ದರೆ ಪುಡಿಯ ಯೋಗ್ಯತೆ ಏನೆಂದು ಎಲ್ಲರೆದುರು ತೋರಿಸುವುದು ಕಾವ್ಯಳ ಯೋಜನೆ. ಸಹಿ ಹೇಗೂ ಸಿಗುವುದಿಲ್ಲ ಎಂದು ಅವಳು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

ಬೋಳು ಕಡ್ಡಿ ಪರದೆಯ ತುಂಬ ಸುಮ್ಮನೆ ನಿಂತಿತು. ಕಾವ್ಯ ಇಟ್ಟ ಕಡಿಮೆ ವೋಲ್ಟೇಜಿಗೆ ಒಂದು ಗುಳ್ಳೆಯೂ ಇಲ್ಲ.

“ಲೇ ಶಶಿಕಾಂತ, ಕರೆಂಟ್ ಹೋತೇನೋ?” ಹಿಂದಿನ ಸಾಲಿನಿಂದ ಒಂದು ದನಿ.

“ಫ್ಯಾನ್ ತಿರಗಾಕತ್ತೈತಲ್ಲೋ. ವಿಜ್ಞಾನ ಹೋಗೇತಿ.”

ಪ್ರೊಫೆಸರು ಧಾವಿಸಿ ಬಂದು ವೋಲ್ಟೇಜಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರು. ಅಷ್ಟು ವೋಲ್ಟೇಜಿಗೆ ಸ್ಟೀಲ್ ಚಮಚವೂ ಗುಳ್ಳೆ ಬಿಡುತ್ತದೆ. ಕಡ್ಡಿಯೂ ಬಿಟ್ಟಿತು. ಚಪ್ಪಾಳೆ ಬಿತ್ತು. ಅಂದಾನೆಪ್ಪ ಎದ್ದು ಪ್ರೊಫೆಸರಿಗೆ ಶಾಲು ಹೊದಿಸಿದರು.

ಕಾವ್ಯ ಮೈಕ್ ತೆಗೆದುಕೊಂಡಳು. “ಆ ಕಡ್ಡಿಗೆ ರವದಿ ಪುಡಿ ಹಚ್ಚೇ ಇಲ್ರಿ. ಚೇರಮನ್ನರ ತಂತೀನೂ ಇಲ್ಲ. ಬರೇ ಕಡ್ಡಿ ಐತ್ರಿ.”

ಪ್ರೊಫೆಸರು ಶಾಲಿನ ಅಂಚಿನಿಂದ ಬೆವರು ಒರೆಸಿಕೊಂಡರು.

“ಏನೂ ಹಚ್ಚದನ ಇಷ್ಟು ಗುಳ್ಳಿ ಬಂದೂವೇನ ತಂಗಿ?” ಅಂದಾನೆಪ್ಪ ಕೇಳಿದರು.

“ಹೌದ್ರಿ. ಆದ್ರ ವೋಲ್ಟೇಜ್...”

“ಹಂಗಾರ ರವದಿ ಹೇರೂದೂ ತಪ್ಪಿತು, ಸುಡೂದೂ ತಪ್ಪಿತು! ಪ್ರೊಫೆಸರ, ಇಂಥಾ ದೊಡ್ಡ ಮಾತು ಮದಲ ಯಾಕ ಹೇಳಲಿಲ್ರಿ?”

ಗಿರಿಮಲ್ಲಪ್ಪ ಶಾಲು ಸರಿಪಡಿಸಿಕೊಂಡರು. “ತಮ್ಮ ಸಮ್ಮುಖದಾಗನ ಹೇಳೂಣಂತ ಇಟ್ಟಿದ್ನಿರಿ.”

ಈ ಸಲ ಚಪ್ಪಾಳೆ ಇನ್ನೂ ಜೋರಾಗಿತ್ತು.

ಮರುದಿನ ಪ್ರೊಫೆಸರು ಕಾವ್ಯಳನ್ನು ಕರೆಸಿದರು. ಥೀಸಿಸ್ ಮೇಜಿನ ಮೇಲೆ ತೆರೆದಿತ್ತು. “ನಿನ್ನ ಪ್ಲಾಟಿನಂ ಅಧ್ಯಾಯ ಇರ್ಲವಾ. ರವದಿ ಬ್ಯಾಡಂತ ಸಿದ್ಧ ಮಾಡೂದು ಅದೊಂದ.” ಒಂದಕ್ಷರ ತಿದ್ದದೆ, ಒಂದಕ್ಷರ ಓದದೆ, ಸಹಿ ಹಾಕಿದರು.

ಕಾವ್ಯ ಥೀಸಿಸ್ ಎತ್ತಿಕೊಂಡು ಬಾಗಿಲಿಗೆ ಬಂದಳು.

“ಅಂದಂಗ, ರವದಿ ಇಲ್ಲದ ಹೊಸಾ ಯೋಜನಾಕ್ಕ ಚೇರಮನ್ನರು ಈ ಸಲ ಬಂಗಾರದ ತಂತಿ ಕೊಡ್ತಾರಂತ,” ಎಂದರು ಪ್ರೊಫೆಸರು.

“ಬಂಗಾರಾನೂ ಕರಗತೈತ್ರಿ ಸರ.”

“ಅದು ಮುಂದ ಬರೋ ಪಿಎಚ್‌ಡಿಯವ್ರಿಗೆ ಇರ್ಲಿ ಬಿಡವಾ.”