ಹಿಂದಿನ ಗೋಡೆಯ ಹದಿಮೂರು

ಬುಧವಾರ ಮಧ್ಯಾಹ್ನ ಅನ್ನೆಕೆ ಮರದ ಮೇಲೆ ಒಂದು ಅಂಕಿ ಬರೆದಳು. ಸೀಸದಕಡ್ಡಿಯಲ್ಲಿ, ಹೆಬ್ಬೆರಳ ಉಗುರಿನಷ್ಟು ಗಾತ್ರದಲ್ಲಿ: ಹದಿಮೂರು. ಪಕ್ಕದಲ್ಲಿ ತನ್ನ ಹೆಸರಿನ ಮೊದಲ ಅಕ್ಷರ. ಅಲ್ಲಿಂದ ಶುಕ್ರವಾರದವರೆಗೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

ಮಿಶಿಗನ್ನಿನ ಒಂದು ಸಣ್ಣ ಊರಿನ ಚರ್ಚಿನ ಯುವಕರ ಗುಂಪು ಅದು. ಹನ್ನೊಂದು ಜನ, ಎರಡು ವ್ಯಾನು. ವರ್ಷವಿಡೀ ಕಾರು ತೊಳೆದು, ಕೇಕು ಮಾರಿ, ಎರಡು ಹಗಲು ರಸ್ತೆಯ ಮೇಲೆ ಕಳೆದು ಲೂಸಿಯಾನದ ದಕ್ಷಿಣ ತುದಿಗೆ ಬಂದಿದ್ದರು. ಅಲ್ಲಿ ಬಾಯೂ ಎಂಬ ಜೌಗು ಹಳ್ಳದ ನೀರು ಹರಿಯುತ್ತಿದೆಯೋ ನಿಂತಿದೆಯೋ ತಿಳಿಯುವುದಿಲ್ಲ. ಅದರ ದಂಡೆಯುದ್ದಕ್ಕೂ ಒಂದೇ ಸಾಲು ಮನೆಗಳು. ಚಂಡಮಾರುತ ಚಾವಣಿ ಹಾರಿಸಿಕೊಂಡು ಹೋಗಿ ಎರಡು ವರ್ಷವಾದರೂ ಎಷ್ಟೋ ಮನೆಗಳ ತಲೆಯ ಮೇಲೆ ಇನ್ನೂ ನೀಲಿ ಟಾರ್ಪಾಲು.

ಈ ಗುಂಪಿನ ಪಾಲಿಗೆ ಬಂದದ್ದು ಅರ್ಲೀನ್ ನಾಕಿನ್ ಎಂಬಾಕೆಯ ಮನೆ. ಸೀಗಡಿ ಸುಲಿಯುವ ಶೆಡ್ಡಿನಲ್ಲಿ ಮೂವತ್ತು ವರ್ಷ ದುಡಿದ ಗಟ್ಟಿ ಹೆಂಗಸು, ದನಿಯೂ ಗಟ್ಟಿ. ಅಂಗಳದಲ್ಲೇ ಒಂದು ತಗಡಿನ ಟ್ರೇಲರಿನಲ್ಲಿ ವಾಸ. ಮೊದಲ ದಿನವೇ ಅನ್ನೆಕೆ "ಮಿಸೆಸ್ ನಾಕಿನ್" ಎಂದದ್ದಕ್ಕೆ, "ಅದು ನಮ್ಮತ್ತೆ ಹೆಸರು ಕಣಮ್ಮ, ಅವಳು ಸತ್ತು ಇಪ್ಪತ್ತು ವರ್ಷ ಆಯ್ತು. ಮತ್ತೆ ಎಬ್ಬಿಸಬೇಡ. ಮಿಸ್ ಅರ್ಲೀನ್ ಅನ್ನು ಸಾಕು" ಎಂದಿದ್ದಳು.

ಕೆಲಸ ಹೇಳಿಕೊಡಲು ಅದೇ ಊರಿನ ಬಡಗಿ ಓಜೆಮ್ ಇದ್ದ. ಎಪ್ಪತ್ತರ ಆಸುಪಾಸು, ಬಾಯಲ್ಲಿ ಯಾವಾಗಲೂ ಎರಡು ಮೊಳೆ. ಸೋಮವಾರ ಬೆಳಿಗ್ಗೆ ಅವನು ಜೇಬಿನಿಂದ ಟಿವಿ ರಿಮೋಟಿನಷ್ಟು ದೊಡ್ಡ ಯಂತ್ರವೊಂದನ್ನು ತೆಗೆದ. ಅದರ ತುದಿಗೆ ಎರಡು ಸೂಜಿ.

"ನಿಮ್ಮಲ್ಲಿ ಲೆಕ್ಕ ಬರೋರು ಯಾರಪ್ಪಾ?"

ಹತ್ತು ಬೆರಳು ಅನ್ನೆಕೆಯ ಕಡೆ ತಿರುಗಿದವು.

"ಬಾಮ್ಮಾ ಮಿಶಿಗನ್ನು. ಈ ಸೂಜಿ ಮರಕ್ಕೆ ಚುಚ್ಚು. ಮರ ಎಷ್ಟು ನೀರು ಕುಡಿದಿದೆ ಅಂತ ಇದು ಹೇಳತ್ತೆ. ಹದಿನೈದೋ ಅದಕ್ಕಿಂತ ಕಮ್ಮಿನೋ ಇದ್ರೆ ಹಲಗೆ ಹೊಡಿಬಹುದು. ಹದಿನಾರು ಬಂತೋ, ಸುತ್ತಿಗೆ ಕೆಳಗಿಟ್ಟು ಫ್ಯಾನ್ ಹಾಕ್ಕೊಂಡು ಕೂತ್ಕೊಳ್ಳಿ. ಬಂದ ಅಂಕಿನ ಅದೇ ಪಟ್ಟಿ ಮೇಲೆ ಬರೆದು ನಿನ್ನ ಗುರುತು ಹಾಕು. ನಾನು ಹಿಂದೇನೇ ಬಂದು ಮತ್ತೆ ಚುಚ್ಚಿ ನೋಡಲ್ಲ. ನೀನು ಬರೆದಿದ್ದೇ ಖಾಯಂ."

ಗೋಡೆಯೊಳಗೆ ಅಡಿಗೊಂದರಂತೆ ಮರದ ಪಟ್ಟಿಗಳು ನಿಂತಿರುತ್ತವಲ್ಲ, ಅವುಗಳ ಮೇಲೆ ಜಿಪ್ಸಮ್ ಹಲಗೆ ಬಡಿದರೆ ಗೋಡೆ. ಒಳಗೆ ಹಸಿ ಉಳಿದರೆ ಹೊರಗಿನವರಿಗೆ ಕಾಣುವುದಿಲ್ಲ. ಎರಡು ದಿನ ಅನ್ನೆಕೆ ಶ್ರದ್ಧೆಯಿಂದ ಚುಚ್ಚಿದಳು, ಬರೆದಳು. ಹನ್ನೊಂದು, ಹನ್ನೆರಡು, ಹದಿನಾಲ್ಕು. ಗೋಡೆಗಳು ಒಂದೊಂದಾಗಿ ಮುಚ್ಚಿಕೊಂಡವು.

ಮುಚ್ಚುವ ಮೊದಲು ಆ ಗುಂಪಿನಲ್ಲಿ ಒಂದು ಪದ್ಧತಿ. ಎಲ್ಲರೂ ಕಪ್ಪು ಮಾರ್ಕರ್ ಹಿಡಿದು ಪಟ್ಟಿಗಳ ಮೇಲೆ ತಮಗಿಷ್ಟವಾದ ದೇವರ ವಾಕ್ಯ ಬರೆಯುತ್ತಾರೆ. ಹಲಗೆ ಬಿದ್ದ ಮೇಲೆ ಯಾರಿಗೂ ಕಾಣದಿದ್ದರೂ ಮನೆಯೊಳಗೆ ಅದು ಇರುತ್ತದೆ ಎಂಬ ನಂಬಿಕೆ. ಆಮೇಲೆ ಕೈ ಕೈ ಹಿಡಿದು ವೃತ್ತವಾಗಿ ನಿಂತು ಪ್ರಾರ್ಥನೆ. ಒಬ್ಬೊಬ್ಬರೂ ಒಂದೊಂದು ಮಾತು ಜೋರಾಗಿ ಹೇಳಬೇಕು. ಹೇಳಲು ಮನಸ್ಸಿಲ್ಲದವರು ಪಕ್ಕದವರ ಕೈ ಮೆಲ್ಲಗೆ ಅದುಮಿದರಾಯಿತು, ಸರದಿ ಮುಂದಕ್ಕೆ ಹೋಗುತ್ತದೆ. ಯಾರೂ ಏಕೆಂದು ಕೇಳುವುದಿಲ್ಲ.

ಬುಧವಾರ ಉಳಿದದ್ದು ಹಿಂದಿನ ಕೋಣೆಯ ಗೋಡೆ ಒಂದೇ. ಹೊಸ ಚಾವಣಿ ಹೊದಿಸುವ ಮೊದಲು, ಕಳೆದ ತಿಂಗಳು, ಟಾರ್ಪಾಲು ಹರಿದು ಮಳೆ ಸುರಿದಿದ್ದು ಅಲ್ಲೇ. ಎಲ್ಲರೂ ವಾಕ್ಯ ಬರೆದು ಮುಗಿಸಿದ್ದರು. ಅನ್ನೆಕೆ ಮೂಲೆಯ ಪಟ್ಟಿಗೆ ಸೂಜಿ ಚುಚ್ಚಿದಳು. ಇಪ್ಪತ್ತಮೂರು. ತೆಗೆದು ಒರೆಸಿ ಮತ್ತೆ ಚುಚ್ಚಿದಳು. ಇಪ್ಪತ್ತಮೂರು. ಪಕ್ಕದ್ದು, ಇಪ್ಪತ್ತೆರಡು.

"ಏ ಅನ್ನೆಕೆ, ಮರಕ್ಕೆ ಇಂಜೆಕ್ಷನ್ ಕೊಟ್ಟಿದ್ದು ಸಾಕು ಬಾರೇ!" ಎಂದ ಬ್ರಾಮ್. ಅವನೂ ಇನ್ನೊಬ್ಬನೂ ಆಳೆತ್ತರದ ಹಲಗೆ ತಲೆಯ ಮೇಲೆ ಹೊತ್ತು ನಿಂತಿದ್ದರು. ಬ್ರಾಮ್ ಅವಳ ಎದುರು ಮನೆಯವನು, ಡೈಪರ್ ಕಾಲದಿಂದ ಜೊತೆಗೆ ಬೆಳೆದವನು, ಹಾಗಾಗಿ ನಾಲಿಗೆಗೆ ಲಗಾಮಿಲ್ಲ. "ಜ್ವರ ಬಂದಿರೋದು ಮರಕ್ಕಲ್ಲ, ನಮಗೆ!"

ಗುಂಪನ್ನು ಕರೆತಂದಿದ್ದ ಪಾಸ್ಟರ್ ಡರ್ಕ್ ಬಾಗಿಲಲ್ಲಿ ಇಣುಕಿದರು. ಶುಕ್ರವಾರ ಮಧ್ಯಾಹ್ನ ಬೀಗದ ಕೈ ಒಪ್ಪಿಸುವ ಪ್ರಾರ್ಥನೆ, ಶನಿವಾರ ಬೆಳಿಗ್ಗೆ ಸಮುದ್ರ ಸ್ನಾನ, ಅಲ್ಲಿಂದ ನೇರ ಊರು. ಊರಿನ ಚರ್ಚಿನ ಗೋಡೆಯಲ್ಲಿ ಬೀಗದ ಕೈ ಒಪ್ಪಿಸುವ ಫೋಟೋಗೆಂದು ಮೊಳೆ ಕೂಡ ಹೊಡೆದಾಗಿತ್ತು.

"ಹೇಗಿದೆಯಮ್ಮಾ?"

ಎಲ್ಲರ ಕಣ್ಣೂ ಅವಳ ಮೇಲೆ. ಹಲಗೆ ಹೊತ್ತವರ ಕೈ ನಡುಗುತ್ತಿತ್ತು. ಈ ಸೆಖೆಗೆ ಒಳಗೇ ಒಣಗಿಬಿಡುತ್ತದೆ ಬಿಡು ಎಂದುಕೊಂಡಳು. ಅದು ಯೋಚನೆಯೂ ಅಲ್ಲ, ಯೋಚನೆಯ ಜಾಗದಲ್ಲಿ ಸಿಕ್ಕಿದ ಒಂದು ಚಿಂದಿ.

"ಸರಿಯಾಗಿದೆ ಪಾಸ್ಟರ್."

ಬರೆದಳು. ಹಲಗೆ ಬಿತ್ತು. ವೃತ್ತದಲ್ಲಿ ಅವಳ ಸರದಿ ಬಂದಾಗ ಪಕ್ಕದವಳ ಕೈ ಅದುಮಿದಳು.

ಗುರುವಾರ ಹಲಗೆಗಳ ಸಂದಿಗೆ ಪುಟ್ಟಿ ಬಳಿಯುವ ಕೆಲಸ. ಅನ್ನೆಕೆಗೆ ಕೊಟ್ಟದ್ದು ಅಡುಗೆಮನೆ. ಆದರೆ ಅವಳು ಸಿಕ್ಕುತ್ತಿದ್ದುದು ಹಿಂದಿನ ಕೋಣೆಯಲ್ಲಿ. ಚಾಕು ಮರೆತೆ ಎಂದು ಒಮ್ಮೆ ಹೋದಳು, ಬಕೆಟ್ಟಿಗೆಂದು ಒಮ್ಮೆ. ಮೂರನೇ ಸಲ ಯಾವ ನೆವವೂ ಇಲ್ಲದೆ ಹೋಗಿ ಗೋಡೆಗೆ ಅಂಗೈ ಒತ್ತಿ ನಿಂತಳು. ಬಿಳಿಯಾಗಿತ್ತು, ನುಣ್ಣಗಿತ್ತು. ತಣ್ಣಗೂ ಇತ್ತು. ಎಲ್ಲ ಗೋಡೆಗಳೂ ತಣ್ಣಗಿವೆಯೇ ಎಂದು ಮನೆಯಿಡೀ ಮುಟ್ಟುತ್ತ ಬಂದಳು.

"ಏನೇ, ಗೋಡೆಗಳಿಗೆ ಟಾಟಾ ಹೇಳ್ತಿದೀಯಾ? ಇನ್ನೂ ಶನಿವಾರ ಬಂದಿಲ್ಲ" ಎಂದ ಬ್ರಾಮ್.

"ನಿನ್ನ ಕೆಲಸ ನೋಡ್ಕೋ ಹೋಗೋ."

"ಅಬ್ಬಾ! ಸೂಜಿ ಕೈಲಿಲ್ಲ ಅಂದ್ರೂ ಚುಚ್ಚೋದು ಬಿಡಲ್ಲ."

ಓಜೆಮ್‌ನನ್ನು ಒಂಟಿಯಾಗಿ ಹಿಡಿದು ಹೇಳಿಬಿಡೋಣ ಎಂದು ಹೊರಗೆ ಹೋದರೆ, ಅವನು ಮೊಳೆಗಳ ನಡುವಿನಿಂದಲೇ, "ನೋಡು ಮಿಶಿಗನ್ನು, ಈ ಎರಡು ವರ್ಷದಲ್ಲಿ ಹದಿನಾಲ್ಕು ಗುಂಪು ನೋಡಿದೀನಿ. ಅಂಕಿ ಓದೋ ಹಾಗೆ ಬರೆದೋಳು ನೀನೊಬ್ಬಳೇ" ಎಂದ. ಥ್ಯಾಂಕ್ಸ್ ಎಂದಳು. ಹೇಳಿದ ಮೇಲೆ ಆ ಪದ ಬಾಯಲ್ಲಿ ಕಹಿ ಬಿಟ್ಟುಹೋಯಿತು.

ಸಂಜೆ ಅರ್ಲೀನ್ ಎಲ್ಲರಿಗೂ ಅಂಗಳದಲ್ಲಿ ಊಟ ಹಾಕಿದಳು. ದೊಡ್ಡ ಪಾತ್ರೆಯ ತುಂಬ ಸೀಗಡಿ ಗಂಬೋ ಎಂಬ ಖಾರದ ಸಾರು, ಅನ್ನ. ಮಿಶಿಗನ್ನಿನವರು ಖಾರಕ್ಕೆ ಮೂಗು ಒರೆಸಿಕೊಳ್ಳುತ್ತಿದ್ದರೆ ಅವಳು ಹೊಟ್ಟೆ ಹಿಡಿದು ನಗುತ್ತಿದ್ದಳು, ನಗುತ್ತ ನಗುತ್ತ ಕೆಮ್ಮುತ್ತಿದ್ದಳು. ಎದೆಯ ಆಳದಿಂದ ಬರುವ ಕೆಮ್ಮು.

"ಅನ್ನೆಕೆ, ಒಳಗೆ ಫ್ರಿಜ್ಜಿನ ಮೇಲೆ ಇನ್ನೊಂದು ಬಾಟ್ಲು ಖಾರದ ಸಾಸ್ ಇದೆ, ತಗೊಂಡು ಬಾಮ್ಮಾ. ಇವರನ್ನ ಇನ್ನಷ್ಟು ಅಳಿಸೋಣ."

ಟ್ರೇಲರಿನೊಳಗೆ ಎರಡು ಹೆಜ್ಜೆ ಇಟ್ಟರೆ ಎದುರಿನ ಗೋಡೆ. ಫ್ರಿಜ್ಜಿನ ಬಾಗಿಲಿಗೆ ಒಂದು ಕ್ರಿಸ್ಮಸ್ ಕಾರ್ಡು ಅಂಟಿಸಿತ್ತು. ಅದರಲ್ಲಿ ಫೋಟೋ: ಇದೇ ಮನೆ, ಇದೇ ಮೆಟ್ಟಿಲು, ಹಸಿರು ಟೀ ಶರ್ಟು ಹಾಕಿದ ಹನ್ನೆರಡು ಹದಿಮೂರು ಮಕ್ಕಳು, ನಡುವೆ ಬೀಗದ ಕೈ ಎತ್ತಿ ಹಿಡಿದ ಅರ್ಲೀನ್. ಅನ್ನೆಕೆ ಬಾಟಲಿ ಮರೆತು ನಿಂತಳು.

"ಅವರಾ?" ಅರ್ಲೀನ್ ತಾನೇ ಹಿಂದೆ ಬಂದಿದ್ದಳು. "ನಿಮಗಿಂತ ಮೊದಲು ಬಂದೋರು. ಚಂಡಮಾರುತ ಆಗಿ ಮೂರೇ ವಾರಕ್ಕೆ. ಬಂಗಾರದಂಥ ಮಕ್ಕಳು. ಏನು ಹಾಡ್ತಿದ್ವು ಗೊತ್ತಾ!"

"ಮನೆ ಆಗ್ಲೇ ಕಟ್ಟಿದ್ರಾ? ಮತ್ತೆ... ನಾವು ಯಾಕೆ?"

"ಹಸಿ ಮರದ ಮೇಲೇ ಹೊಡೆದಿದ್ರು. ಅವರಿಗೂ ಶುಕ್ರವಾರ ಮುಗಿಸ್ಬೇಕಿತ್ತಲ್ಲ. ಆರು ತಿಂಗಳಿಗೆ ಬೂಷ್ಟು ಹಿಡಿದು ಗೋಡೆ ಒಳಗಿಂದ ಕಪ್ಪಗಾಯ್ತು. ನಾನು ಮೊದಲು ಪೇಂಟು ಕೆಟ್ಟಿದೆ ಅಂತ ತಿಳ್ಕೊಂಡೆ. ಆಮೇಲೆ ವಾಸನೆ, ಆಮೇಲೆ ಈ ಕೆಮ್ಮು. ಡಾಕ್ಟರು ಮನೆ ಬಿಡು ಅಂದ್ರು. ಎಲ್ಲಾ ಕಿತ್ತು ಹಾಕಿದ್ವಿ."

"ಅವರಿಗೆ ಹೇಳಿದ್ರಾ?"

"ಹೇಳೋದೇನು? ಪ್ರತಿ ಕ್ರಿಸ್ಮಸ್ಸಿಗೂ ಕೇಳ್ತಾರೆ, ಹೊಸ ಮನೇಲಿ ಹೇಗಿದೀರಾ ಅಂತ. ಚೆನ್ನಾಗಿದೀನಿ ಅಂತ ಬರೀತೀನಿ." ಅರ್ಲೀನ್ ಬಾಟಲಿ ತೆಗೆದುಕೊಂಡಳು. "ಈ ಸಲ ಸೂಜಿ ಇದೆಯಲ್ಲ, ಬಿಡು. ನಡಿ, ಗಂಬೋ ಆರಿಹೋಗತ್ತೆ."

ಅನ್ನೆಕೆ ತಟ್ಟೆಯಲ್ಲಿದ್ದುದನ್ನು ಕಲಸಿದಳು, ಮತ್ತೆ ಕಲಸಿದಳು. ಊಟದ ನಂತರದ ವೃತ್ತದಲ್ಲಿ ಸರದಿ ಬಂದಾಗ ಮತ್ತೆ ಪಕ್ಕದ ಕೈ ಅದುಮಿದಳು. ಕೂಡಲೇ ಕೈ ಬಿಡಿಸಿಕೊಂಡು ಪ್ಯಾಂಟಿಗೆ ಒರೆಸಿಕೊಂಡಳು.

ಶುಕ್ರವಾರ ಎಲ್ಲರೂ ಒಂದೇ ಬಣ್ಣದ ಶರ್ಟು ತೊಟ್ಟರು. ಈ ಗುಂಪಿನದು ಕಿತ್ತಳೆ. ಊರಿನ ಚರ್ಚಿನ ಹೆಂಗಸರು ಹೊಲಿದು ಕಳಿಸಿದ ಕೌದಿ ಒಂದು ಕುರ್ಚಿಯ ಮೇಲೆ, ಬೀಗದ ಕೈ ಪಾಸ್ಟರ್ ಡರ್ಕ್ ಜೇಬಿನಲ್ಲಿ. ಮುಂದಿನ ಕೋಣೆಯಲ್ಲಿ ವೃತ್ತವಾಗಿ ನಿಂತರು. ಅನ್ನೆಕೆ ದೂರ ನಿಲ್ಲಲು ಹೋದರೆ ಅರ್ಲೀನ್ ಅವಳನ್ನೇ ಎಳೆದು ಪಕ್ಕ ನಿಲ್ಲಿಸಿಕೊಂಡಳು. ಸೀಗಡಿ ಸುಲಿದು ಸುಲಿದು ಒರಟಾದ ಕೈ.

ಪಾಸ್ಟರ್ ಹೇಳಿದರು. ಬ್ರಾಮ್ ಹೇಳಿದ: ಸೊಳ್ಳೆಗಳನ್ನು ಬಿಟ್ಟು ಉಳಿದ ಎಲ್ಲಕ್ಕೂ ಸ್ತೋತ್ರ. ಎಲ್ಲರೂ ನಕ್ಕರು. ಸರದಿ ಸುತ್ತಿ ಸುತ್ತಿ ಬಂತು. ಎಡಗೈಯನ್ನು ಯಾರೋ ಅದುಮಿದರು. ಈಗ ಅವಳು ಬಲಗೈ ಅದುಮಿದರೆ ಸರದಿ ಅರ್ಲೀನಳಿಗೆ ಹೋಗುತ್ತದೆ, ಅರ್ಲೀನ್ ಆಮೆನ್ ಎನ್ನುತ್ತಾಳೆ, ಬೀಗದ ಕೈ ಕೈ ಬದಲಾಗುತ್ತದೆ, ಎಲ್ಲರೂ ಮೆಟ್ಟಿಲಿಗೆ ಫೋಟೋಗೆ ಓಡುತ್ತಾರೆ.

ಕೈ ಅದುಮಲಿಲ್ಲ. ಯಾರೋ ಕಾಲು ಬದಲಿಸಿದ ಸದ್ದಾಯಿತು.

"ಹಿಂದಿನ ಗೋಡೆ ಇಪ್ಪತ್ತಮೂರಿತ್ತು" ಎಂದಳು ಅನ್ನೆಕೆ, ಕಣ್ಣು ಮುಚ್ಚಿಕೊಂಡೇ. "ನಾನು ಹದಿಮೂರು ಅಂತ ಬರೆದೆ."

ಪ್ರಾರ್ಥನೆ ಎಂದುಕೊಂಡು ಯಾರೋ ಅಭ್ಯಾಸಬಲದಿಂದ "ಆಮೆನ್" ಎಂದೂಬಿಟ್ಟರು. ಆಮೇಲೆ ಕಣ್ಣುಗಳು ಒಂದೊಂದಾಗಿ ತೆರೆದವು.

"ಏನಂದೆ?" ಎಂದರು ಪಾಸ್ಟರ್.

"ಸುಳ್ಳು ಬರೆದೆ. ಎಲ್ಲರೂ ಕಾಯ್ತಿದ್ರಿ."

ಅರ್ಲೀನ್ ಅವಳ ಕೈ ಬಿಟ್ಟಳು. "ಓಜೆಮ್" ಎಂದಳು, ತಗ್ಗಿದ ದನಿಯಲ್ಲಿ. ಆ ದನಿ ತಗ್ಗಿದ್ದನ್ನು ವಾರದಲ್ಲಿ ಯಾರೂ ಕೇಳಿರಲಿಲ್ಲ. "ಗರಗಸ ತಗೊಂಡು ಬಾ."

ಓಜೆಮ್ ಬಾಯಿಯ ಮೊಳೆಗಳನ್ನು ಅಂಗೈಗೆ ಉಗಿದು ಜೇಬಿಗೆ ಹಾಕಿ, ಪುಟ್ಟಿ ಬಳಿದು ಉಜ್ಜಿ ನುಣುಪು ಮಾಡಿದ್ದ ಗೋಡೆಯನ್ನು ಮೂಲೆಯಿಂದ ಕೊಯ್ದ. ಹಲಗೆಯ ತುಂಡು ಬಿದ್ದಾಗ ದಪ್ಪ ಕಪ್ಪಕ್ಷರದ ವಾಕ್ಯಗಳು ಬೆಳಕಿಗೆ ಬಂದವು, ಅವುಗಳ ಸಂದಿಯಲ್ಲಿ ಆ ಸಣ್ಣ ಹದಿಮೂರು. ಯಂತ್ರವನ್ನು ಅವನು ತಾನು ಹಿಡಿಯದೆ ಅನ್ನೆಕೆಗೆ ಕೊಟ್ಟ.

"ಚುಚ್ಚು."

"ಇಪ್ಪತ್ತೊಂದು" ಎಂದಳು.

"ಜೋರಾಗಿ."

"ಇಪ್ಪತ್ತೊಂದು!"

"ಹಳೇದನ್ನ ಅಳಿಸಬೇಡ. ಗೀಟು ಹಾಕಿ ಕೆಳಗೆ ಬರಿ. ತಾರೀಕು ಹಾಕು."

ಅವಳು ಗೀಟು ಹಾಕಿ ಬರೆದಳು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಇಡೀ ಗೋಡೆ ಬಿಚ್ಚಬೇಕು, ಮೂರು ವಾರವಾದರೂ ಫ್ಯಾನು ಓಡಬೇಕು, ಗೋಡೆ ಮುಚ್ಚುವವರೆಗೆ ವಾಸಕ್ಕೆ ಅನುಮತಿ ಸಿಗುವುದಿಲ್ಲ.

"ಅಂದ್ರೆ ಇನ್ನೊಂದು ತಿಂಗಳು ಆ ತಗಡಿನ ಡಬ್ಬೀಲಿ ಬೇಯಬೇಕು ನಾನು" ಎಂದಳು ಅರ್ಲೀನ್. ಅನ್ನೆಕೆ ಕ್ಷಮಿಸಿ ಎನ್ನಲು ಬಾಯಿ ತೆರೆದಳು. "ಬೇಡ. ಈಗ ಬೇಡ. ಕೋಪ ಬಂದಿದೆ ನನಗೆ, ಇರಲಿ ಸ್ವಲ್ಪ ಹೊತ್ತು. ಮೊದಲು ಆ ಹಲಗೆ ಕಿತ್ತು ಹೊರಗೆ ಹಾಕಿ."

ಕಿತ್ತಳೆ ಶರ್ಟುಗಳು ಬಿಳಿ ಧೂಳಾದವು. ಸಂಜೆಯಾದರೂ ಕೆಲಸ ಉಳಿಯಿತು. ಸಮುದ್ರ ಸ್ನಾನ ಬೇಡ, ನಾಳೆ ಬೆಳಿಗ್ಗೆ ಇದನ್ನೇ ಮುಗಿಸಿ ಹೊರಡೋಣ ಎಂದರು ಪಾಸ್ಟರ್. ಬ್ರಾಮ್ ಮೊಳೆ ಕೀಳುತ್ತಲೇ ಇದ್ದ. ಅನ್ನೆಕೆಯ ಕಡೆ ನೋಡಲಿಲ್ಲ, ಗೇಲಿಯೂ ಮಾಡಲಿಲ್ಲ. ಅದು ಬೈಗುಳಕ್ಕಿಂತ ಕಷ್ಟವಾಗಿತ್ತು.

ಶನಿವಾರ ಹೊರಡುವಾಗ ಪಾಸ್ಟರ್ ಡರ್ಕ್ ಅಳುಕುತ್ತ, "ಮಿಸ್ ಅರ್ಲೀನ್, ಒಂದು ಫೋಟೋ..." ಎಂದರು.

"ಫೋಟೋ ಬೇಡ. ಫ್ರಿಜ್ಜಿನ ಮೇಲೆ ಜಾಗ ಇಲ್ಲ." ಅವಳು ಅನ್ನೆಕೆಯ ಕಡೆ ತಿರುಗಿದಳು. "ನಿನ್ನ ಫೋನ್ ನಂಬರ್ ಆ ಪಟ್ಟಿ ಮೇಲೆ ಬರೆದು ಹೋಗು. ಓದೋ ಹಾಗೆ. ಸೂಜಿ ನನ್ನ ಹತ್ರನೇ ಬಿಡ್ತಾನಂತೆ ಓಜೆಮ್. ಚೆನ್ನಾಗಿದೀನಿ ಅಂತ ಇನ್ನೊಂದು ಕಾಗದ ಬರೆಯೋ ಶಕ್ತಿ ನನಗಿಲ್ಲ ಕಣಮ್ಮ. ಅಂಕಿ ಕಳಿಸ್ತೀನಿ. ಅಂಕಿ ಬಂದಾಗ ನೋಡಬೇಕು ನೀನು."

"ನೋಡ್ತೀನಿ, ಮಿಸ್ ಅರ್ಲೀನ್."

ವ್ಯಾನಿನಲ್ಲಿ ಎಲ್ಲರೂ ಮಲಗಿದರು. ಅನ್ನೆಕೆಗೆ ಸೀಟಿನಲ್ಲಿ ಯಾವ ಕಡೆ ಒರಗಿದರೂ ಒರಗಿದಂತಾಗಲಿಲ್ಲ. ಫೋನನ್ನು ಜೇಬಿಗೆ ಹಾಕಿದಳು, ತೆಗೆದಳು, ಮಡಿಲಲ್ಲಿ ಮಗುಚಿ ಇಟ್ಟಳು. ಮಿಸಿಸಿಪ್ಪಿ ದಾಟುವ ಹೊತ್ತಿಗೆ ಅದು ಒಮ್ಮೆ ನಡುಗಿತು. ಅರ್ಲೀನ್ ಬರೆದಿದ್ದಳು: ಇಪ್ಪತ್ತೊಂದು. ಫ್ಯಾನ್ ಸದ್ದಿಗೆ ತಲೆ ಸಿಡೀತಿದೆ.

ಹಿಂದಿನ ಸೀಟಿನಿಂದ ಬ್ರಾಮ್ ತಲೆ ಮುಂದೆ ಚಾಚಿದ. ನಿನ್ನೆ ಮಧ್ಯಾಹ್ನದಿಂದ ಅವನು ಆಡಿದ ಮೊದಲ ಮಾತು ಅದು.

"ಎಷ್ಟಂತೆ?"

"ಇಪ್ಪತ್ತೊಂದು."

"ಇನ್ನೂ ಅಷ್ಟೇನಾ?" ಎಂದ. ಫೋನಿನ ಪರದೆ ತಾನೂ ಇಣುಕಿ ನೋಡಿ, "ನಾಳೆದೂ ಹೇಳು" ಎಂದು ಹಿಂದಕ್ಕೆ ಒರಗಿದ.